ಅವಿಭಾಜ್ಯಗಳ ಮೊತ್ತ ತಪ್ಪಿದಾಗ ದೋಷ ಹುಡುಕುವುದು ಹೇಗೆ

ಮಲ್ಲೇಶ್ವರದ ಕ್ರಾಸ್‌ಗಳನ್ನು ಎಣಿಸುತ್ತಾ ನಡೆದರೆ ಒಂದು ಲೆಕ್ಕ ತಾನಾಗಿ ಎದುರಾಗುತ್ತದೆ. 2ನೇ ಕ್ರಾಸಿನಿಂದ 13ನೇ ಕ್ರಾಸಿನವರೆಗೆ ಅವಿಭಾಜ್ಯ (1 ಮತ್ತು ತನ್ನಿಂದ ಮಾತ್ರ ಭಾಗವಾಗುವ) ನಂಬರಿನವನ್ನಷ್ಟೇ ಕೂಡಿ: 2 + 3 + 5 + 7 + 11 + 13 = 41. ಈಗ 11, 13, 17ನೇ ಕ್ರಾಸ್‌ಗಳನ್ನು ಮಾತ್ರ ಕೂಡಿ. ಮತ್ತೆ 41. ಆ 41 ತಾನೂ ಒಂದು ಅವಿಭಾಜ್ಯ.

ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಗಣಿತಕ್ಕೆಂದು ಬರುವ ಏಳೆಂಟು ಮಕ್ಕಳಿಗೆ ನಾನು ಕೊಡುವ ಮೊದಲ ಲೆಕ್ಕ ಇದು. ಎಂಟನೇ ಕ್ಲಾಸಿನವರು ಕೈಯಲ್ಲಿ ಮಾಡುತ್ತಾರೆ, ಪಿಯುಸಿಯವರು ಪ್ರೋಗ್ರಾಂ ಬರೆಯುತ್ತಾರೆ. ಮುಂದಿನ ವಾರದಿಂದ ಅನುಕ್ರಮ ಅವಿಭಾಜ್ಯಗಳ ಮೊತ್ತಗಳು ಒಂದರ ಹಿಂದೊಂದು ಬರುತ್ತವೆ, ತಪ್ಪುಗಳೂ ಜೊತೆಗೇ ಬರುತ್ತವೆ. ಹಲವು ವರ್ಷ ಅವನ್ನು ನೋಡಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ: ಈ ಲೆಕ್ಕದಲ್ಲಿ ತಪ್ಪು ಉತ್ತರ ಬಹುತೇಕ ತನ್ನ ಕಾರಣವನ್ನೂ ಹೊತ್ತುಕೊಂಡೇ ಬರುತ್ತದೆ. ಅದನ್ನು ಓದುವ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕೈಯಲ್ಲಿರಬೇಕಾದ ಉತ್ತರಗಳು

ಸರಿಯಾದ ಉತ್ತರ ಗೊತ್ತಿಲ್ಲದೆ ದೋಷ ಹುಡುಕಲು ಕೂರಬೇಡಿ. ನಿಮ್ಮ ಪ್ರೋಗ್ರಾಂ ಕೊನೆಗೆ ಎಷ್ಟೇ ದೊಡ್ಡ ಸಂಖ್ಯೆಗೆ ಹೋಗಬೇಕಿದ್ದರೂ ಮೊದಲು ಈ ನಾಲ್ಕು ಕಡೆ ಅದನ್ನು ನಿಲ್ಲಿಸಿ ನೋಡಿ.

10ರವರೆಗೆ: 4 ಅವಿಭಾಜ್ಯ, ಮೊತ್ತ 17
100ರವರೆಗೆ: 25 ಅವಿಭಾಜ್ಯ, ಮೊತ್ತ 1060
1000ದವರೆಗೆ: 168 ಅವಿಭಾಜ್ಯ, ಮೊತ್ತ 76,127
20 ಲಕ್ಷದವರೆಗೆ: 1,48,933 ಅವಿಭಾಜ್ಯ, ಮೊತ್ತ 142913828922

ಮೊತ್ತದ ಜೊತೆ ಎಣಿಕೆಯನ್ನೂ ಪ್ರಿಂಟ್ ಮಾಡಿಸಿ. ಮಕ್ಕಳು ಮೊತ್ತ ಮಾತ್ರ ತೋರಿಸುತ್ತಾರೆ. ಎಣಿಕೆ ಯಾಕೆ ಬೇಕು ಎಂಬುದು ಈಗಲೇ ಗೊತ್ತಾಗುತ್ತದೆ.

100ರವರೆಗಿನ ಮೊತ್ತ 1060 ಬರುತ್ತಿಲ್ಲ

ಬಂದ ಉತ್ತರದಿಂದ 1060 ಕಳೆಯಿರಿ. ಕೋಡ್ ಕಡೆ ಇನ್ನೂ ನೋಡಬೇಡಿ, ಆ ವ್ಯತ್ಯಾಸವನ್ನು ನೋಡಿ.

1061 ಬಂದರೆ 1ನ್ನು ಅವಿಭಾಜ್ಯ ಎಂದು ಎಣಿಸಿದ್ದೀರಿ. 1058 ಬಂದರೆ 2 ಬಿಟ್ಟುಹೋಗಿದೆ. ಬೆಸ ಸಂಖ್ಯೆಗಳನ್ನು ಮಾತ್ರ ಪರೀಕ್ಷಿಸುವ ಲೂಪ್ ಬರೆದವರು 2ನ್ನು ಮೊದಲೇ ಕೂಡಿಸಿಡಲು ಮರೆಯುತ್ತಾರೆ. 1055 ಬಂದರೆ 2 ಮತ್ತು 3 ಎರಡೂ ಇಲ್ಲ. 6ರ ಗುಣಕದ ಹಿಂದು ಮುಂದಿನ ಸಂಖ್ಯೆಗಳನ್ನಷ್ಟೇ ನೋಡುವ ಚುರುಕು ವಿಧಾನದ ಗುರುತು ಅದು. 963 ಬಂದರೆ 97 ಹೊರಗೆ ಉಳಿದಿದೆ, ಲೂಪ್ ಬೇಗ ನಿಂತಿದೆ.

1059 ಬಂದರೆ? ವ್ಯತ್ಯಾಸ −1. ಒಂದೇ ಒಂದು ಸಂಖ್ಯೆ ಬಿಟ್ಟುಹೋಗಿ 1 ಕಡಿಮೆಯಾಗಬೇಕಾದರೆ ಆ ಸಂಖ್ಯೆ 1 ಆಗಿರಬೇಕು, ಆದರೆ 1 ಸರಿಯಾದ ಪಟ್ಟಿಯಲ್ಲಿ ಇರಲೇ ಇಲ್ಲ. ಅಂದರೆ ಇಲ್ಲಿ ಎರಡು ದೋಷ ಒಟ್ಟಿಗಿವೆ: 1 ಒಳಗೆ ಬಂದಿದೆ, 2 ಹೊರಗೆ ಹೋಗಿದೆ. "1, 3, 5, 7…" ಎಂದು ಪಟ್ಟಿ ಶುರು ಮಾಡುವ ಮಕ್ಕಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದೇ. ಎಣಿಕೆ ಮಾತ್ರ ನೋಡಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ, ಅದು 25 ಅಂತಲೇ ತೋರಿಸುತ್ತದೆ.

1277 ಬಂದರೆ ವ್ಯತ್ಯಾಸ 217. ಅದು 49 + 77 + 91. ಮೂರೂ 7ರಿಂದ ಭಾಗವಾಗುವಂಥವು, 2, 3, 5ರಿಂದ ಆಗದಂಥವು. ನೀವು 2, 3, 5ರಿಂದ ಮಾತ್ರ ಭಾಗಿಸಿ ನೋಡಿ 7ನ್ನು ಬಿಟ್ಟಿದ್ದೀರಿ.

ಈಗ ನನಗೆ ಪಾಠ ಕಲಿಸಿದ ಸಂಖ್ಯೆ: 1147. ವ್ಯತ್ಯಾಸ 87. ಒಂದು ಭಾನುವಾರ ಇಬ್ಬರಿಗೆ ಇದೇ ಉತ್ತರ ಬಂದಿತ್ತು. ಒಬ್ಬಳು ನೋಟ್‌ಬುಕ್ಕಿನಲ್ಲಿ ಮಾಡಿದ್ದಳು, ಇನ್ನೊಬ್ಬ ಲ್ಯಾಪ್‌ಟಾಪಿನಲ್ಲಿ.

"ಮೇಡಂ, ಇಬ್ಬರಿಗೂ ಒಂದೇ ಬಂದಿದೆ. ನೀವು ಹೇಳಿದ 1060 ತಪ್ಪಿರ್ಬೇಕು" ಅಂದ ಹುಡುಗ.

"ಇಬ್ಬರೂ ಎಷ್ಟು ಸಂಖ್ಯೆ ಕೂಡಿದ್ದೀರಿ, ಅದನ್ನ ಹೇಳಿ ನೋಡೋಣ."

ಅವಳದು 26, ಅವನದು 29.

ಅವಳು 87ನ್ನೇ ಅವಿಭಾಜ್ಯ ಎಂದು ಬರೆದಿದ್ದಳು. 87 ಎಂದರೆ 3 × 29. 51, 57, 87, 91 ಇವು ನೋಡಲು ಅವಿಭಾಜ್ಯದ ಹಾಗೇ ಕಾಣುತ್ತವೆ, ಕೈಲೆಕ್ಕದಲ್ಲಿ ಮೊದಲು ಇವನ್ನೇ ಅನುಮಾನಿಸಿ. ಅವನ ಪ್ರೋಗ್ರಾಂನಲ್ಲಿ ಒಳಗೆ ಬಂದಿದ್ದು 4, 9, 25, 49. ಕೂಡಿದರೆ ಅದೂ 87. ಭಾಜಕದ ವರ್ಗವು ಪರೀಕ್ಷಿಸುತ್ತಿರುವ ಸಂಖ್ಯೆಗಿಂತ ಕಡಿಮೆ ಇರುವವರೆಗೆ ಪರೀಕ್ಷಿಸು ಎಂದು ಬರೆದಿದ್ದ. ಕಡಿಮೆ ಅಥವಾ ಸಮ ಎಂದಿರಬೇಕಿತ್ತು. ಆ ಒಂದು ಸಮಚಿಹ್ನೆ ಇಲ್ಲದಿದ್ದರೆ ಅವಿಭಾಜ್ಯಗಳ ವರ್ಗಗಳು ಮಾತ್ರ ಜರಡಿಯಿಂದ ನುಸುಳುತ್ತವೆ. 35ರಂಥವು 5ರ ಹತ್ತಿರ ಸಿಕ್ಕಿಬೀಳುತ್ತವೆ. ಬೆಸಗಳನ್ನು ಮಾತ್ರ ನೋಡುವ ಪ್ರೋಗ್ರಾಂ ಆದರೆ 4 ಬರುವುದಿಲ್ಲ, ಆಗ ಇದೇ ದೋಷ 1143 ಎಂದು ಕಾಣಿಸಿಕೊಳ್ಳುತ್ತದೆ.

ಎರಡು ಬೇರೆ ಕಾಯಿಲೆಗೆ ಒಂದೇ ಜ್ವರ. ಎಣಿಕೆಯಿಂದ ಬೇರೆ ಮಾಡಿದೆವು.

ಚಿಕ್ಕದು ಸರಿ, ದೊಡ್ಡದು ತಪ್ಪು

100ಕ್ಕೂ 1000ಕ್ಕೂ ಸರಿಯಾದ ಉತ್ತರ ಕೊಟ್ಟ ಪ್ರೋಗ್ರಾಂ 20 ಲಕ್ಷಕ್ಕೆ 1179908154 ಎಂದು ತೋರಿಸಿದರೆ, ಅವಿಭಾಜ್ಯ ಪರೀಕ್ಷೆಯನ್ನು ಮುಟ್ಟಬೇಡಿ. ಅದು ಸರಿ ಇದೆ. ಮೊತ್ತ ಇಟ್ಟ ಪಾತ್ರೆ, ಅಂದರೆ ಕಂಪ್ಯೂಟರಿನಲ್ಲಿ ಅದಕ್ಕೆ ಕೊಟ್ಟ ಜಾಗ, ಚಿಕ್ಕದಾಗಿದೆ.

ಈ ದೋಷ ಹಿಡಿಯುವುದು ಕಷ್ಟ, ಯಾಕೆಂದರೆ ಉತ್ತರ ನೋಡಲು ಚೆನ್ನಾಗಿದೆ. "ಮೈನಸ್ ಬಂದಿಲ್ಲ, ಎರರ್ ಕೂಡ ಬಂದಿಲ್ಲ, ಹಾಗಾದ್ರೆ ಸರಿ ಇರ್ಬೇಕಲ್ವಾ?" ಎಂದು ಈ ಉತ್ತರ ಬಂದಿದ್ದ ಒಬ್ಬ ಹುಡುಗ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಅಂದಾಜಿನಲ್ಲಿದೆ. ಒಂದು ಮಿತಿಯವರೆಗಿನ ಅವಿಭಾಜ್ಯಗಳ ಮೊತ್ತ ಸುಮಾರಾಗಿ ಆ ಮಿತಿಯ ವರ್ಗವನ್ನು, ಮಿತಿಯ ನೈಸರ್ಗಿಕ ಲಾಗರಿದಮ್‌ನ ಎರಡರಷ್ಟರಿಂದ ಭಾಗಿಸಿದಷ್ಟು. 1000ಕ್ಕೆ ಹೀಗೆ ಮಾಡಿದರೆ 72,382 ಬರುತ್ತದೆ, ನಿಜವಾದದ್ದು 76,127. 20 ಲಕ್ಷದ ಲಾಗರಿದಮ್ 14.51, ಅಂದಾಜು 13,785 ಕೋಟಿ. ಹುಡುಗನ ಉತ್ತರ 118 ಕೋಟಿ. ಶೇಕಡಾ ನಾಲ್ಕೈದು ಹೆಚ್ಚು ಕಡಿಮೆಯಾದರೆ ಒಪ್ಪೋಣ, ನೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸವನ್ನು ಒಪ್ಪುವ ಹಾಗಿಲ್ಲ.

ಮತ್ತೆ ಕಳೆಯೋಣ. 142913828922 − 1179908154 = 141733920768. ಇದನ್ನು 4294967296ರಿಂದ, ಅಂದರೆ 2ರ 32ನೇ ಘಾತದಿಂದ, ಭಾಗಿಸಿ. ಶೇಷವಿಲ್ಲದೆ 33 ಬರುತ್ತದೆ. ಹಳೇ ಸ್ಕೂಟರಿನ ಓಡೋಮೀಟರ್ 99999 ದಾಟಿದ ಮೇಲೆ 00000ಕ್ಕೆ ಬರುವ ಹಾಗೆ 32 ಬಿಟ್‌ನ ಪಾತ್ರೆ 33 ಸಲ ಪೂರ್ತಿ ಸುತ್ತಿದೆ. ನಡುವೆ ಎಷ್ಟೋ ಸಲ ಮೈನಸ್‌ಗೂ ಹೋಗಿ ಬಂದಿದೆ. ಕೊನೆಗೆ ನಿಂತ ಜಾಗ ಮಾತ್ರ ಧನ ಸಂಖ್ಯೆಯ ಅರ್ಧದಲ್ಲಿ ಬಿತ್ತು, ಅದರಿಂದ ಯಾರಿಗೂ ಗುಮಾನಿ ಬರಲಿಲ್ಲ. ಮಿತಿ ಎರಡೂಕಾಲು ಲಕ್ಷದ ಆಸುಪಾಸಿಗೆ ಬಂದಾಗಲೇ ಮೊತ್ತ ಆ ಪಾತ್ರೆ ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647ನ್ನು ದಾಟುತ್ತದೆ, ಪರೀಕ್ಷೆಗೆ ಅಲ್ಲಿ ನಿಲ್ಲಿಸಿ ನೋಡಿದರೆ ಮೈನಸ್ ಕಣ್ಣಿಗೆ ಬೀಳುತ್ತದೆ.

ಪರಿಹಾರ ಸುಲಭ, ದೊಡ್ಡ ಪಾತ್ರೆ ಕೊಡಿ: ಸಿ, ಸಿ ಪ್ಲಸ್ ಪ್ಲಸ್‌ನಲ್ಲಿ ಇಂಟ್ ಬದಲು ಲಾಂಗ್ ಲಾಂಗ್, ಜಾವಾದಲ್ಲಿ ಲಾಂಗ್. ಪೈಥಾನ್‌ನ ಪೂರ್ಣಾಂಕ ಬೇಕಾದಷ್ಟು ಬೆಳೆಯುತ್ತದೆ. ಆದರೆ ಪೈಥಾನ್ ಜೊತೆ ಲೆಕ್ಕಗಳಿಗೆ ಬಳಸುವ ನಂಪೈ ಲೈಬ್ರರಿಯನ್ನು ಬಳಸುವವರು ಎಚ್ಚರ, 2.0ಕ್ಕಿಂತ ಹಳೆಯ ಆವೃತ್ತಿಗಳು ವಿಂಡೋಸ್‌ನಲ್ಲಿ ತಾವಾಗಿಯೇ 32 ಬಿಟ್ ಆರಿಸಿಕೊಳ್ಳುತ್ತಿದ್ದವು. ಒಂದೇ ಪ್ರೋಗ್ರಾಂ ಅಣ್ಣನ ಲಿನಕ್ಸ್‌ನಲ್ಲಿ ಸರಿ, ತಂಗಿಯ ವಿಂಡೋಸ್‌ನಲ್ಲಿ ತಪ್ಪು ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ.

ಇದೇ ದೋಷದ ಇನ್ನೊಂದು ಮುಖ: ಮೊತ್ತಕ್ಕೆ ದೊಡ್ಡ ಪಾತ್ರೆ ಕೊಟ್ಟಿದ್ದೀರಿ, ಆದರೂ ಜರಡಿಯ (ಅವಿಭಾಜ್ಯಗಳ ಗುಣಕಗಳನ್ನು ಪಟ್ಟಿಯಿಂದ ಹೊಡೆದುಹಾಕುವ ವಿಧಾನದ) ಮಧ್ಯೆ ಪ್ರೋಗ್ರಾಂ ಕುಸಿದು ಬೀಳುತ್ತದೆ. ಪ್ರತಿ ಅವಿಭಾಜ್ಯದ ವರ್ಗದಿಂದ ಗುಣಕಗಳನ್ನು ಹೊಡೆಯಲು ಶುರು ಮಾಡುತ್ತೇವಲ್ಲ, ಆ ವರ್ಗವೇ ಉಕ್ಕುತ್ತದೆ. 46340ರ ವರ್ಗ 32 ಬಿಟ್‌ನಲ್ಲಿ ಹಿಡಿಯುತ್ತದೆ, 46341ರದು ಹಿಡಿಯುವುದಿಲ್ಲ. ಹೊರಗಿನ ಲೂಪ್ 20 ಲಕ್ಷದವರೆಗೆ ಓಡಬೇಕಿಲ್ಲ, ಅದರ ವರ್ಗಮೂಲ 1414ರವರೆಗೆ ಓಡಿದರೆ ಸಾಕು. ಅಷ್ಟು ಮಾಡಿದರೆ ಕುಸಿತವೂ ಇಲ್ಲ, ವೇಗವೂ ಹೆಚ್ಚು.

ವಿನ್ಯಾಸ ಹೊಂದುತ್ತಿದೆ, ಆದರೂ ಪಟ್ಟಿ ತಪ್ಪಾಗಿದೆ

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಭಾಗ.

ಮೊದಲಿನಿಂದ ಕೂಡುತ್ತಾ ಹೋದಾಗ ಸಿಗುವ ಮೊತ್ತಗಳು: 2, 5, 10, 17, 28, 41, 58, 77, 100, 129, 160, 197… ಯಾವುದೇ ಎರಡು ಪಕ್ಕಪಕ್ಕದ ಮೊತ್ತಗಳ ನಡುವೆ ಒಂದು ಪೂರ್ಣ ವರ್ಗ ಇದ್ದೇ ಇರುತ್ತದೆ. 2 ಮತ್ತು 5ರ ನಡುವೆ 4, 5 ಮತ್ತು 10ರ ನಡುವೆ 9, 10 ಮತ್ತು 17ರ ನಡುವೆ 16, 17 ಮತ್ತು 28ರ ನಡುವೆ 25. 77 ಮತ್ತು 100ರ ನಡುವೆ 81, ಆ 100 ತಾನೇ ವರ್ಗ. ಇದು ಎಲ್ಲೂ ತಪ್ಪುವುದಿಲ್ಲ, ಸಾಧನೆಯೂ (ಅಂದರೆ ಪುರಾವೆಯೂ) ಸುಲಭ. 11ರಿಂದಾಚೆಗೆ ಅವಿಭಾಜ್ಯಗಳ ಮೊತ್ತ ಅಲ್ಲಿಯವರೆಗಿನ ಎಲ್ಲ ಬೆಸಗಳ ಮೊತ್ತಕ್ಕಿಂತ ಕಡಿಮೆ. 11ರವರೆಗೆ ಅದು 28, ಬೆಸಗಳದು 36, ಅಂದರೆ 6ರ ವರ್ಗ. ಹಾಗಾಗಿ ನಮ್ಮ ಮೊತ್ತದ ವರ್ಗಮೂಲ 6ಕ್ಕಿಂತ ಕಡಿಮೆ, ಅದು 1ರಷ್ಟು ಬೆಳೆಯಲು ಮೊತ್ತಕ್ಕೆ 2 × 6 + 1 = 13 ಸೇರಿದರೆ ಸಾಕು. ಮುಂದಿನ ಅವಿಭಾಜ್ಯ ಕನಿಷ್ಠ 11 + 2, ಅದೂ 13. ವರ್ಗಮೂಲ 1ಕ್ಕಿಂತ ಹೆಚ್ಚು ಬೆಳೆದರೆ ನಡುವೆ ಒಂದು ಪೂರ್ಣಾಂಕವನ್ನು ದಾಟಲೇಬೇಕು. ಪ್ರತಿ ಹೆಜ್ಜೆಗೂ ಇದೇ ವಾದ ನಡೆಯುತ್ತದೆ, ಮೊದಲ ಕೆಲವನ್ನು ಕೈಯಲ್ಲೇ ನೋಡಿಯಾಯಿತು.

ಒಬ್ಬ ಹುಡುಗಿ ಇದನ್ನೇ ಪರೀಕ್ಷೆಯಾಗಿ ಪ್ರೋಗ್ರಾಂಗೆ ಸೇರಿಸಿದ್ದಳು. ಪ್ರತಿ ಹೆಜ್ಜೆಯಲ್ಲೂ ಪಾಸ್. ಆದರೂ ಅವಳ ಪಟ್ಟಿಯಲ್ಲಿ 9 ಇತ್ತು, 15 ಇತ್ತು, 21 ಇತ್ತು. ಅಷ್ಟು ಚಂದದ ಪರೀಕ್ಷೆ ಅವನ್ನು ಹಿಡಿಯಲಿಲ್ಲ ಯಾಕೆ?

ಮೇಲಿನ ಸಾಧನೆಯನ್ನು ಇನ್ನೊಮ್ಮೆ ಓದಿ. ಅದರಲ್ಲಿ ಅವಿಭಾಜ್ಯತೆಗೆ ಕೆಲಸವೇ ಇಲ್ಲ. 2ರ ನಂತರ ಎಲ್ಲವೂ ಬೆಸ ಎಂಬುದನ್ನಷ್ಟೇ ಬಳಸಿದ್ದೇವೆ. 2ರ ಜೊತೆ 3ರಿಂದ ಎಲ್ಲ ಬೆಸಗಳನ್ನೂ ಕೂಡುತ್ತಾ ಹೋಗಿ: 2, 5, 10, 17, 26, 37… ಪ್ರತಿಯೊಂದೂ ಒಂದು ವರ್ಗಕ್ಕಿಂತ 1 ಹೆಚ್ಚು, ನಡುವೆ ಆ ವರ್ಗಗಳು ಸಾಲಾಗಿ ಕೂತಿವೆ. ಪೂರ್ತಿ ತಪ್ಪಾದ ಪಟ್ಟಿಯೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ದೋಷ ಹುಡುಕಲು ಬೇಕಿರುವುದು ದೋಷ ಇದ್ದಾಗ ಮುರಿಯುವ ವಿನ್ಯಾಸ. ಇದು ಮುರಿಯುವುದೇ ಇಲ್ಲ.

ಅವಳ ತಪ್ಪಿಗೆ ಒಗ್ಗುವ ಅಳತೆಗೋಲು ಬೇರೆ ಇದೆ. 2ರ ಅಂತರದ ಅವಳಿ ಅವಿಭಾಜ್ಯಗಳನ್ನು ಕೂಡಿ: 5 + 7 = 12, 11 + 13 = 24, 17 + 19 = 36, 29 + 31 = 60. 3 ಮತ್ತು 5ರ ಜೋಡಿಯೊಂದನ್ನು ಬಿಟ್ಟರೆ ಎಲ್ಲವೂ 12ರಿಂದ ಭಾಗವಾಗುತ್ತವೆ, ಯಾಕೆಂದರೆ ಇಬ್ಬರ ನಡುವೆ ಯಾವಾಗಲೂ 6ರ ಒಂದು ಗುಣಕ ಕೂತಿರುತ್ತದೆ. ಅವಳ ಪಟ್ಟಿಯಲ್ಲಿ 7 + 9 = 16. ಕೂಡಲೇ ಮುರಿಯಿತು. 3ರ ಗುಣಕ ಒಳಗೆ ಬಂದಿದೆ ಎಂದು ಅದು ನೇರವಾಗಿ ಹೇಳುತ್ತದೆ. ಆದರೆ 25 ಒಳಗೆ ಬಂದರೆ ಇದೂ ಸುಮ್ಮನಿರುತ್ತದೆ, 23 + 25 = 48.

ಬಿಟ್ಟುಹೋದ ಸಂಖ್ಯೆಗೆ ಇನ್ನೊಂದು ಗೋಲು. ಅಕ್ಕಪಕ್ಕದ ಎರಡು ಬೆಸ ಅವಿಭಾಜ್ಯಗಳ ಮೊತ್ತದ ಅರ್ಧ ಅವುಗಳ ನಡುವೆಯೇ ಬೀಳುತ್ತದೆ, ನಡುವೆ ಅವಿಭಾಜ್ಯ ಇಲ್ಲ, ಆದ್ದರಿಂದ ಆ ಅರ್ಧ ಎಂದೂ ಅವಿಭಾಜ್ಯವಲ್ಲ. ನಿಮ್ಮ ಪಟ್ಟಿ 47 + 59 = 106 ಎಂದರೆ ಅರ್ಧ 53. ಆ 53 ನಿಮ್ಮ ಪಟ್ಟಿಯಿಂದ ಬಿದ್ದುಹೋಗಿದೆ. ಇದರ ಮಿತಿಯೂ ತಿಳಿದಿರಲಿ: ಎರಡು ನೆರೆಯವರ ಸರಿಯಾಗಿ ಮಧ್ಯದಲ್ಲಿರುವ 5, 53, 157, 173, 211ರಂಥವು ಕಳೆದುಹೋದಾಗ ಮಾತ್ರ ಹಿಡಿಯುತ್ತದೆ. 47 ಕಳೆದರೆ 43 + 53 = 96, ಅರ್ಧ 48, ಏನೂ ಗೊತ್ತಾಗುವುದಿಲ್ಲ. ಎಣಿಕೆಯ ಪರೀಕ್ಷೆಯನ್ನು ಅದಕ್ಕೇ ಮೊದಲು ಇಟ್ಟಿದ್ದು.

ಅತಿ ಉದ್ದದ ಸರಪಳಿ ಸಿಗುತ್ತಿಲ್ಲ

1000ದೊಳಗಿನ ಯಾವ ಅವಿಭಾಜ್ಯವನ್ನು ಅತಿ ಹೆಚ್ಚು ಅನುಕ್ರಮ ಅವಿಭಾಜ್ಯಗಳ ಮೊತ್ತವಾಗಿ ಬರೆಯಬಹುದು? ಸರಿಯುತ್ತರ 953: 7ರಿಂದ 89ರವರೆಗೆ, 21 ಸಂಖ್ಯೆಗಳು. 10 ಲಕ್ಷದೊಳಗೆ 997651: 7ರಿಂದ 3931ರವರೆಗೆ, 543 ಸಂಖ್ಯೆಗಳು.

281 ಮತ್ತು 14 ಬಂದರೆ, ನೀವು ಸರಪಳಿಯನ್ನು 2ರಿಂದ ಮಾತ್ರ ಶುರು ಮಾಡುತ್ತಿದ್ದೀರಿ. ಶುರುವಿನ ಬಿಂದು ಜಾರಬೇಕು. ಕೆಲವರು ಮೊತ್ತ ಅವಿಭಾಜ್ಯ ಅಲ್ಲ ಎಂದು ಕಂಡ ಕೂಡಲೇ ಲೂಪ್ ನಿಲ್ಲಿಸುತ್ತಾರೆ, ಅದೂ ತಪ್ಪು. ಮಿತಿ ದಾಟಿದಾಗ ಮಾತ್ರ ನಿಲ್ಲಿಸಿ. ಉತ್ತರ ಸರಿ, ಆದರೆ ಟೀ ಕಾಯಿಸಿ ಕುಡಿದು ಬಂದರೂ ಪ್ರೋಗ್ರಾಂ ಮುಗಿದಿಲ್ಲ ಎಂದರೆ ಪ್ರತಿ ಸರಪಳಿಯನ್ನೂ ಮೊದಲಿನಿಂದ ಕೂಡುತ್ತಿದ್ದೀರಿ. ಮೊದಲಿನಿಂದ ಕೂಡಿದ ಮೊತ್ತಗಳ ಪಟ್ಟಿ ಇಟ್ಟುಕೊಂಡರೆ ಯಾವ ಸರಪಳಿಯಾದರೂ ಒಂದೇ ಕಳೆಯುವ ಲೆಕ್ಕ: 24ನೆಯದು 963, 3ನೆಯದು 10, ಕಳೆದರೆ 953. ಇಲ್ಲಿ ಒಂದು ಸ್ಥಾನ ಜಾರುವುದು ಸಾಮಾನ್ಯ. 963ರಿಂದ 5 ಕಳೆದವರಿಗೆ 958 ಬರುತ್ತದೆ, ಸಮ ಸಂಖ್ಯೆ. ಸರಪಳಿ 2ರಿಂದ ಶುರುವಾದರೆ ಬೆಸ ಮೊತ್ತಕ್ಕೆ ಸಮ ಎಣಿಕೆ ಬೇಕು, ಬೇರೆ ಕಡೆಯಿಂದ ಶುರುವಾದರೆ ಬೆಸ ಎಣಿಕೆ ಬೇಕು. 14, 21, 543 ಮೂರನ್ನೂ ಇದರಲ್ಲಿ ಹಾಕಿ ನೋಡಿ.

ದೋಷ ಪ್ರೋಗ್ರಾಂನಲ್ಲಿ ಇಲ್ಲ, ನಮ್ಮ ಊಹೆಯಲ್ಲಿದೆ

ಮೊದಲ 2, 4, 6 ಅವಿಭಾಜ್ಯಗಳ ಮೊತ್ತ 5, 17, 41. ಮೂರೂ ಅವಿಭಾಜ್ಯ. ಸಮ ಎಣಿಕೆ ಇದ್ದರೆ ಮೊತ್ತ ಅವಿಭಾಜ್ಯ ಎಂದು ಮಕ್ಕಳು ಬರೆದೇ ಬಿಡುತ್ತಾರೆ. 8ಕ್ಕೆ 77 ಬಂದಾಗ ಕೋಡ್‌ನಲ್ಲಿ ತಪ್ಪು ಹುಡುಕುತ್ತಾರೆ. ಕೋಡ್ ಸರಿ ಇದೆ, 77 ಎಂದರೆ 7 × 11. 10ಕ್ಕೆ 129 ಎಂದರೆ 3 × 43. 12ಕ್ಕೆ 197, 14ಕ್ಕೆ 281, ಎರಡೂ ಮತ್ತೆ ಅವಿಭಾಜ್ಯ. ಆಮೇಲೆ 16ರಿಂದ 58ರವರೆಗೆ ಒಂದೂ ಇಲ್ಲ! 60 ಅವಿಭಾಜ್ಯ ಕೂಡಿದಾಗ 7699 ಸಿಗುತ್ತದೆ. ಆ 60ನೇ ಅವಿಭಾಜ್ಯ 281, ಈಗಷ್ಟೇ ಕಂಡ ಸಂಖ್ಯೆ. ನನಗೆ ಇದು ಪ್ರತಿ ಸಲವೂ ಖುಷಿ ಕೊಡುತ್ತದೆ, ಆದರೆ ಇದರ ಮೇಲೆ ಯಾವ ನಿಯಮವನ್ನೂ ಕಟ್ಟಲಾಗದು. ಇಷ್ಟು ಉದ್ದದ ಖಾಲಿ ಜಾಗ ನೋಡಿ ಪ್ರೋಗ್ರಾಂ ಕೆಟ್ಟಿದೆ ಎಂದುಕೊಳ್ಳಬೇಡಿ.

ಸರಪಳಿಗಳ ಎಣಿಕೆ ತಾಳೆಯಾಗುತ್ತಿಲ್ಲ

ಒಂದು ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ಅನುಕ್ರಮ ಅವಿಭಾಜ್ಯಗಳ ಮೊತ್ತವಾಗಿ ಬರೆಯಬಹುದು ಎಂದು ಎಣಿಸುವ ಪ್ರೋಗ್ರಾಂಗೆ 311 ಕೊಟ್ಟು ನೋಡಿ. 311 ತಾನೇ ಒಂದು, 101 + 103 + 107, 53ರಿಂದ 71ರವರೆಗಿನ ಐದು, 31ರಿಂದ 59ರವರೆಗಿನ ಏಳು, 11ರಿಂದ 47ರವರೆಗಿನ ಹನ್ನೊಂದು. ಒಟ್ಟು 5. ಉತ್ತರ 4 ಬಂದರೆ ಒಂಟಿ ಸಂಖ್ಯೆಯನ್ನು ಸರಪಳಿ ಎಂದು ಒಪ್ಪಿಲ್ಲ. 1 ಬಂದರೆ ಶುರುವಿನ ಬಿಂದುವನ್ನು ವರ್ಗಮೂಲದವರೆಗೆ ಮಾತ್ರ ಬಿಟ್ಟಿದ್ದೀರಿ, ಅವಿಭಾಜ್ಯ ಪರೀಕ್ಷೆಯ ಅಭ್ಯಾಸ ಇಲ್ಲಿಗೂ ಬಂದಿದೆ.

ಗಣಿತಜ್ಞ ಲಿಯೋ ಮೋಸರ್ 1963ರಲ್ಲಿ ತೋರಿಸಿದ ಹಾಗೆ, ಮಿತಿ ಬೆಳೆದಂತೆ ಒಂದು ಸಂಖ್ಯೆಗೆ ಸರಾಸರಿ ಸಿಗುವ ಬಗೆಗಳು 2ರ ನೈಸರ್ಗಿಕ ಲಾಗರಿದಮ್‌ನ ಕಡೆ, ಅಂದರೆ 0.693ರ ಕಡೆ ಸಾಗುತ್ತವೆ. 100ರವರೆಗೆ ಕೈಯಲ್ಲೇ ಎಣಿಸಬಹುದು. ಒಂಟಿ 25, ಎರಡರವು 15, ಮೂರರವು 10, ನಾಲ್ಕರವು 7, ಐದರವು 5, ಆಮೇಲೆ 4, 3, 2, 1. ಒಟ್ಟು 72, ಸರಾಸರಿ 0.72. ನಿಮ್ಮ ಪ್ರೋಗ್ರಾಂ 47 ಎಂದರೆ 25 ಒಂಟಿಗಳನ್ನು ಬಿಟ್ಟಿದೆ. 70 ಎಂದರೆ ಗಡಿಯಲ್ಲಿ ಸಮಚಿಹ್ನೆ ಇಲ್ಲ. 100ಕ್ಕೆ ಸರಿಯಾಗಿ ಬಂದು ನಿಲ್ಲುವ ಎರಡು ಸರಪಳಿಗಳು, 47 + 53 ಮತ್ತು 2ರಿಂದ 23ರವರೆಗಿನ ಒಂಬತ್ತು, ಹೊರಗೆ ಉಳಿದಿವೆ.